ದೀಪ ಹಚ್ಚಿದ ಮೇಲೆ ಹೆಪ್ಪು

ಸೇಲಂಗೆ ಬಂದ ಮೊದಲ ಸಂಜೆ ನನ್ನ ಕನ್ನಡವೇ ನನಗೆ ಕೈಕೊಟ್ಟಿತು. ಮಹಡಿಯನ್ನು ನನಗೆ ಬಾಡಿಗೆಗೆ ಕೊಟ್ಟ ಕೆಳಮನೆಯ ದೇವಕ್ಕ ತಲೆಮಾರುಗಳಿಂದ ಮಗ್ಗದ ಮನೆಯವರು, ಮನೆಮಾತು ಕನ್ನಡವೇ. ಧೈರ್ಯವಾಗಿ ಬಟ್ಟಲು ಹಿಡಿದು ಹೋಗಿ ಒಂಚೂರು ಹೆಪ್ಪು ಕೇಳಿದೆ. ಅವರು ಮುಖ ಸಿಂಡರಿಸಿದರು.

"ದೀಪ ಅಚ್ಚಿದ್ ಮ್ಯಾಕೆ ಉಪ್ಪು ಕೇಳ್ತಾರಾ ಕಣ್ಣು?"

ಕಣ್ಣು ಅಂದರೆ ಇಲ್ಲಿ ಮಗಳೇ ಅಂದಂತೆ. ಉಪ್ಪಲ್ಲ, ಹಾಲಿಗೆ ಹಾಕುವುದು ಎಂದು ಕೈಸನ್ನೆಯಲ್ಲಿ ತಿಳಿಸಿದಾಗ, ಓ ಉರೆಯಾ, ಅದನ್ನೂ ಈಗ ಕೊಡೋ ಹಾಗಿಲ್ಲ, ಬೆಳಗ್ಗೆ ಬಾ ಅಂದರು. ತಮಿಳಿನ ಉರೆ ಅವರ ಕನ್ನಡದೊಳಗೆ ಬಂದು ಕೂತು ಎಷ್ಟು ಕಾಲವಾಯಿತೋ. ದಾವಣಗೆರೆಯ ನಮ್ಮ ಬೀದಿಯಲ್ಲಿ ಹೊತ್ತುಗೊತ್ತಿಲ್ಲದೆ ಹೆಪ್ಪು ತರುತ್ತಿದ್ದ ನಾನು ಬರಿ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿದೆ.

ನನ್ನ ಕೆಲಸವೂ ಇಂಥ ಕೊಡುಕೊಳ್ಳುವಿಕೆಯದೇ. ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳ ಡಿಎನ್‌ಎ ನೋಡುತ್ತೇನೆ. ಅದರ ಕೆಲವು ತುಣುಕುಗಳು ಒಂದೆಡೆ ನಿಲ್ಲುವುದಿಲ್ಲ. ಒಮ್ಮೊಮ್ಮೆ ಒಳ್ಳೆಯ ಜೀನಿನ ನಡುವೆಯೇ ನುಗ್ಗಿ ಕೂತು ಅದನ್ನು ಕೆಡಿಸುತ್ತವೆ. ಒಮ್ಮೊಮ್ಮೆ ಔಷಧಿಯನ್ನು ಸೋಲಿಸುವ ವಿದ್ಯೆ ಹೊತ್ತು ಪಕ್ಕದ ಬ್ಯಾಕ್ಟೀರಿಯಾದ ಮನೆ ಸೇರುತ್ತವೆ. ದೀಪ ಹಚ್ಚಿದ ಮೇಲೆ ಕೊಡಬಾರದು ಅನ್ನುವ ಶಾಸ್ತ್ರ ಅವಕ್ಕಿಲ್ಲ. ಬಿಸಿಲಿಗೆ, ಬಸ್ಸಿಗೆ, ಅರ್ಧ ಮಾತ್ರ ತಿಳಿಯುವ ಮಾತಿಗೆ ಸುಸ್ತಾಗಿ ಮನೆಗೆ ಬರುವಾಗ, ಹೊಸದಕ್ಕೆ ಹೊಂದಿಕೊಳ್ಳೋದು ಅವಕ್ಕೆಷ್ಟು ಸಲೀಸು ಎಂದು ಹೊಟ್ಟೆ ಉರಿಯುತ್ತಿತ್ತು.

ದೇವಕ್ಕನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಹುಣ್ಣಿಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನೋವು ಇಳಿಯುವವರೆಗೆ ನುಂಗಿ, ಮಿಕ್ಕಿದ್ದನ್ನು ಹಲ್ಲುನೋವು ಅಂದ ಪಕ್ಕದ ಮನೆಯ ನಾದಿನಿಗೆ ಕೊಟ್ಟುಬಿಟ್ಟಿದ್ದರು. ಹುಣ್ಣಿನಲ್ಲಿ ಮತ್ತೆ ಕೀವಾಯಿತು. ಪರೀಕ್ಷೆ ಮಾಡಿಸಿದರೆ, ಅದರೊಳಗಿನ ಕ್ರಿಮಿ ಆ ಮಾತ್ರೆಗೆ ಜಗ್ಗುವುದೇ ಇಲ್ಲ. ಆ ವಿದ್ಯೆ ಅದಕ್ಕೆ ಯಾವ ನೆರೆಯಿಂದ ಬಂತೋ ನಾನೂ ಹೇಳಲಾರೆ. ಡಾಕ್ಟರು ಬೇರೆ ಮಾತ್ರೆ ಬರೆದು, ಇದನ್ನೂ ನಡುವೆ ಬಿಟ್ಟರೆ ಬೆರಳು ಉಳಿಯಲಿಕ್ಕಿಲ್ಲ ಎಂದರು. ಮಗ್ಗ ತುಳಿಯುವ ಕಾಲು ಅದು.

ನಾದಿನಿ ಹೊಸ ಮಾತ್ರೆಯನ್ನೂ ಕೇಳಿದಳು.

"ಕೇಳಿದೋರ್ಗೆ ಇಲ್ಲ ಅಂತ ಎಂಗೆ ಏಳೋದು ಕಣ್ಣು?" ಎಂದರು ದೇವಕ್ಕ.

ಡಿಎನ್‌ಎ ಕಥೆ ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ.

"ಮಾತ್ರೆ ಮುಗಿಯೋವರೆಗೂ ಈ ಮನೇಲಿ ದೀಪ ಹಚ್ಚಿದೆ ಅಂದ್ಕೊಳ್ಳಿ ಅಕ್ಕಾ."

ಅವರು ಮಾತ್ರೆಯ ಪೊಟ್ಟಣವನ್ನು ಉಪ್ಪಿನ ಜಾಡಿಯ ಪಕ್ಕ ಇಟ್ಟರು. ನಾದಿನಿ ಮತ್ತೆ ಬಂದಾಗ ಹಾಡುಹಗಲಲ್ಲೇ, ದೀಪ ಹಚ್ಚಿ ಆಯ್ತು ಹೋಗು ಅಂದರಂತೆ.

ಹುಣ್ಣು ಮಾಯಿತು, ಬೆರಳು ಉಳಿಯಿತು. ಒಂದು ಬೆಳಗ್ಗೆ ಆ ಖುಷಿಯನ್ನು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಾ, ಇರಮ್ಮ, ಹಾಲಿಗೆ ಉರೆ ಹಾಕಿ ಬರ್ತೀನಿ ಅಂದೆ.

"ಉರೆ ಅಂದ್ರೆ ಏನೇ?" ಅಂದಳು ಅಮ್ಮ.

ಅದಕ್ಕೆ ನಮ್ಮ ಮಾತು ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ. ನಾಚಿಕೆಯಾಯಿತು, ಭಯವೂ ಆಯಿತು. ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಬಟ್ಟಲು ಹಿಡಿದು ನಿಂತ ದೇವಕ್ಕ ಕೂಗಿದರು:

"ಒಸಿ ಎಪ್ಪು ಐತಾ ಕಣ್ಣು?"