ಗಾಲಿ ತುಳಿದ ಜೋಳ

ನಾನು ಚಿಕ್ಕವಳಿದ್ದಾಗ ನಮ್ಮ ದೊಡವಾಡದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಎರೆಮಣ್ಣು ಹಾಸಿಗೆಯಂತೆ ಜಗ್ಗುತ್ತಿತ್ತು. ಹಿಂಗಾರಿ ಮಳೆ ನಿಂತ ಮೇಲೆ ಅಪ್ಪ ದಿನಾ ಬೆಳಿಗ್ಗೆ ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತಿದ್ದ. ಅಂಗೈಗೆ ಅಂಟಿದರೆ ಸುಮ್ಮನೆ ವಾಪಸು ಬರುತ್ತಿದ್ದ. ಪುಡಿಯಾಗಿ ಉದುರಿದ ದಿನವೇ ನಮ್ಮ ಎತ್ತುಗಳು ಹೊಲಕ್ಕೆ ಇಳಿಯುತ್ತಿದ್ದವು.

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ವರ್ಷ ಊರಿಗೆ ಬಾಡಿಗೆ ಟ್ರ್ಯಾಕ್ಟರ್ ಬಂತು. ನಮ್ಮ ಒಂದು ಎತ್ತು ಕುಂಟುತ್ತಿತ್ತು. ಮನೆಯವರ ವರ್ಷದ ರೊಟ್ಟಿಗೆಲ್ಲ ಆ ಹೊಲದ ಬಿಳಿಜೋಳವೇ ಆಧಾರ. ಮಣ್ಣು ಇನ್ನೂ ಕೈಗೆ ಅಂಟುತ್ತಿತ್ತು. ಆದರೆ ಡ್ರೈವರ್ ಮರುದಿನ ಮುರಗೋಡಕ್ಕೆ ಹೊರಡುವವನಿದ್ದ.

“ಪಾಳಿ ತಪ್ಪಿದ್ರ ಮತ್ತ ನಾ ಬರೂದು ಯಾವಾಗೋ ಏನೋ ನೋಡ್ರಿ ಕಾಕಾ,” ಎಂದ.

“ಇನ್ನೂ ಹಸಿ ಐತಲ್ಲೋ ತಮ್ಮಾ,” ಎಂದ ಅಪ್ಪ.

“ಹಸಿ ನಿಮ್ಮ ಎತ್ತಿಗ್ರಿ. ಇದು ಆನಿ ಐತಿ, ಆನಿ!”

“ಆನಿ ಸಿಕ್ಕೊಂಡ್ರ ಎಳ್ಯಾಕ ನಮ್ಮ ಕುಂಟ ಎತ್ತ ಬೇಕಾಕ್ಕೈತಿ ನೋಡಣ್ಣಾ,” ಎಂದು ಅಕ್ಕ ಕೆಣಕಿದಳು. ಎಲ್ಲರೂ ನಕ್ಕೆವು. ಅಪ್ಪನೂ ನಕ್ಕು, ಹೂಂ ಎಂದುಬಿಟ್ಟ.

ಅರ್ಧ ಹೊಲ ಹರಗಿದ ಮೇಲೆ ಹಿಂದಿನ ಗಾಲಿಗಳು ಹೂತವು. ಡೀಸೆಲ್ ಹೊಗೆ ಕಣ್ಣು ಉರಿಸಿತು. ಗಾಲಿ ಸುತ್ತಿದಷ್ಟೂ ಕರಿ ಮಣ್ಣು ರಪರಪನೆ ನಮ್ಮ ಮುಖಕ್ಕೆ ಹಾರಿತು. ಅಪ್ಪ ಗಾಲಿಯ ಮುಂದೆ ಮರದ ತುಂಡು ಕೊಟ್ಟು, ಹಿಂದೆ ನಿಂತು ದೂಡತೊಡಗಿದ. ಡ್ರೈವರ್ ಕ್ಲಚ್ ಬಿಟ್ಟ. ಗಾಲಿ ಮುಂದೆ ಉರುಳಲಿಲ್ಲ. ಟ್ರ್ಯಾಕ್ಟರಿನ ಮೂತಿಯೇ ಆಕಾಶಕ್ಕೆ ಎದ್ದಿತು.

“ಅತ್ತಾಗ ಸರಿಯಪ್ಪೋ!” ಎಂದು ಚೀರಿದ ಅಕ್ಕ ಅಪ್ಪನ ಅಂಗಿ ಹಿಡಿದು ಎಳೆದಳು. ಇಬ್ಬರೂ ಕೆಸರಿಗೆ ಬಿದ್ದರು. ಡ್ರೈವರ್ ಮತ್ತೆ ಕ್ಲಚ್ ತುಳಿದ. ಮೂತಿ ಧಡ್ ಎಂದು ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅದು ಹಾಗೇಕೆ ಎದ್ದಿತೆಂದು ಮುಂದೆ ಕಾಲೇಜಿನಲ್ಲಿ ತಿಳಿಯಿತು: ಹಿಂದಿನ ಗಾಲಿ ಸುತ್ತಲಾಗದೆ ಸಿಕ್ಕಿಕೊಂಡರೆ ಎಂಜಿನ್ನಿನ ಬಲ ಮೂತಿಯನ್ನೇ ಮೇಲೆತ್ತುತ್ತದೆ. ತಿಳಿದರೂ, ಕಣ್ಣು ಮುಚ್ಚಿದಾಗ ಆ ಮುಂದಿನ ಗಾಲಿಗಳು ಗಾಳಿಯಲ್ಲಿ ಇನ್ನೂ ತಿರುಗುತ್ತಲೇ ಇರುತ್ತವೆ.

ಅಪ್ಪ ಉಳಿದ. ಪೆಟ್ಟು ಬಿದ್ದದ್ದು ಹೊಲಕ್ಕೆ. ಚಳಿಗಾಲದಲ್ಲಿ ಗಾಲಿ ತುಳಿದ ಕಡೆಯೆಲ್ಲ ಜೋಳ ಮೊಣಕಾಲೆತ್ತರಕ್ಕೇ ಬಾಡಿ ನಿಂತಿತು. ಅಪ್ಪ ಒಂದು ಗಿಡದ ಬುಡ ಅಗೆದ. ಬೇರು ಗೇಣುದ್ದ ಇಳಿದು, ಹಂಚಿನಂತೆ ಗಟ್ಟಿಯಾದ ಪದರಿಗೆ ತಾಗಿ, ಅಡ್ಡಡ್ಡ ಹೊರಳಿತ್ತು. ಆ ಪದರು ಒಡೆದಾಗ ಕೆಳಗಿನ ಮಣ್ಣು ನನ್ನ ಬೆರಳಿಗೆ ತಣ್ಣಗೆ, ಒದ್ದೆಯಾಗಿ ಹತ್ತಿತು.

“ನೀರ ಕೆಳಗ ಐತಿ. ಬೇರಿಗೆ ನಾವ ಬಾಗಲಾ ಹಾಕೇವಿ ನೋಡವಾ,” ಎಂದ ಅಪ್ಪ. ಬೇಸಿಗೆಗೆ ಮೊದಲೇ ನಮ್ಮ ಜೋಳದ ಚೀಲ ಬರಿದಾಯಿತು.

ಈಗ ಅದೇ ಹೊಲದಲ್ಲಿ, ಮಕ್ಕಳೇ, ನಿಮ್ಮ ಕಬ್ಬಿಗೆ ಪೈಪಿನಿಂದ ನೀರು ಬುಡಕ್ಕೇ ಬರುತ್ತದೆ. ಬೇರು ಎಲ್ಲಿಯೂ ಹೋಗಬೇಕಿಲ್ಲ. ನೀವೂ ಚಪ್ಪಲಿ ಕಳಚಬೇಕಿಲ್ಲ. ಮಣ್ಣು ಹಿಸುಕುತ್ತಿದ್ದ ಅಪ್ಪನ ಪಕ್ಕ ಇನ್ನೊಂದೇ ಬೆಳಗು ನಿಲ್ಲುವಂತಿದ್ದರೆ ಎಂದು ನನಗೆ ಅನಿಸುತ್ತಲೇ ಇರುತ್ತದೆ. ನೀವು ಮೊಬೈಲಿನಲ್ಲಿ ಮೂತಿ ಎತ್ತಿ ನಿಲ್ಲುವ ಟ್ರ್ಯಾಕ್ಟರ್ ನೋಡಿ ಸೀಟಿ ಹೊಡೆಯುವಾಗ ನಾನು ಎದ್ದು ಹೋಗುವುದು ಸಿಟ್ಟಿನಿಂದಲ್ಲ, ಮಕ್ಕಳೇ. ನೀವು ಅದರ ಮೂತಿ ನೋಡುತ್ತೀರಿ. ನನ್ನ ಕಣ್ಣು ಅದರ ಹಿಂದೆ ಯಾರು ನಿಂತಿದ್ದಾರೆಂದು ಹುಡುಕುತ್ತದೆ.