ನಗೋಯಾ ಬಾಲ್ಕನಿಯ ಆಯುಧಪೂಜೆ

ನನ್ನ ಮನೆಯಲ್ಲಿ ಒಂದು ಕಾಲಕ್ಕೆ ಇಪ್ಪತ್ತೊಂದು ಬಂದೂಕುಗಳಿದ್ದವು. ಅದರಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕುಗಳು, ಒಂದು ಮಾತ್ರ ನಿಜವಾದದ್ದು. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಮೈಸೂರಿನಲ್ಲಿ ದೀಪಾವಳಿಗೆ ಪಟಾಕಿ ಹಚ್ಚುವಾಗ ಎಲ್ಲರಿಗಿಂತ ಉದ್ದದ ಊದುಬತ್ತಿ ಹುಡುಕುತ್ತಿದ್ದವನು ನಾನು. ನಗೋಯಾಕ್ಕೆ ಬಂದದ್ದು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ನನ್ನ ತಪ್ಪು ಹುಡುಕುವ ಕೆಲಸವನ್ನು ಹೆಂಡತಿ ಸಂಬಳವಿಲ್ಲದೆ ಮಾಡುತ್ತಿದ್ದಳು.

ಕೊರೊನಾ ಬಂದ ವರ್ಷ, ಫೆಬ್ರವರಿಯ ಕೊನೆಯಲ್ಲಿ, ಅವಳು ತಮ್ಮನ ಮದುವೆಗೆಂದು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದಳು. ಮೂರು ವಾರದ ಮಾತು. ಮದುವೆ ಮುಗಿಯಿತು, ವಿಮಾನಗಳು ನಿಂತವು, ಆಮೇಲೆ ಜಪಾನೂ ಬಾಗಿಲು ಹಾಕಿಕೊಂಡಿತು. ಅವರು ಅಲ್ಲೇ, ನಾನು ಇಲ್ಲೇ. ಮಗಳಿಗೆ ಆಗ ಏಳು ವರ್ಷ. ಹೊರಡುವಾಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ.

ಪ್ರತಿ ಭಾನುವಾರ ನಮ್ಮ ಮಧ್ಯಾಹ್ನಕ್ಕೆ, ಅವರ ಬೆಳಗಿನ ತಿಂಡಿಯ ಹೊತ್ತಿಗೆ, ವಿಡಿಯೋ ಕಾಲ್ ಮಾಡುತ್ತಿದ್ದೆ. ಮೊದಲ ತಿಂಗಳು ಪರವಾಗಿಲ್ಲ. ಆಮೇಲೆ ಅವಳಿಗೆ ಅಜ್ಜಿ ಮನೆ ಹಿಡಿಸಿಬಿಟ್ಟಿತು. ಫೋನಿಗೆ ಮುಖ ತೋರಿಸಿ, ದೋಸೆಯ ತುಂಡು ಬಾಯಿಗೆ ಹಾಕಿಕೊಂಡು, "ಆಮೇಲೆ ಮಾತಾಡ್ತೀನಿ ಅಪ್ಪ" ಎಂದು ಓಡಿಬಿಡುತ್ತಿದ್ದಳು. ಐದು ನಿಮಿಷವೂ ನಿಲ್ಲುತ್ತಿರಲಿಲ್ಲ. ಈ ಹುಡುಗಿ ನನ್ನನ್ನು ಮರೆಯುತ್ತಾಳೆ, ವಾಪಸ್ ಬಂದಾಗ ಪಕ್ಕದ ಮನೆಯ ಅಂಕಲ್ ತರಹ ನೋಡುತ್ತಾಳೆ ಎಂಬ ಭಯ ನನ್ನನ್ನು ಹಿಡಿದುಕೊಂಡಿತು. ಆ ವರ್ಷ ನಾನು ಮಾಡಿದ ಎಲ್ಲ ಹುಚ್ಚಾಟಕ್ಕೂ ಇದೊಂದೇ ಕಾರಣ ಎಂದು ಆಗ ನಂಬಿದ್ದೆ.

ಒಂದು ಶನಿವಾರ, ಮನೆಯಿಂದ ಕೆಲಸ ಮಾಡಲು ಟೇಬಲ್ ಲ್ಯಾಂಪ್ ಬೇಕೆಂದು ಸ್ಟೇಷನ್ ಹತ್ತಿರದ ಹಳೇ ಸಾಮಾನಿನ ಅಂಗಡಿಗೆ ಹೋದೆ. ಲ್ಯಾಂಪಿನ ಪಕ್ಕದ ಗಾಜಿನ ಕಪಾಟಿನಲ್ಲಿ ಒಂದು ಕಪ್ಪು ಪಿಸ್ತೂಲು ಮಲಗಿತ್ತು. ಆಟದ್ದು. ಆದರೆ ಏನು ಫಿನಿಶಿಂಗ್ ಅಂತೀರಿ! ಒಂದು ಕಡೆಯೂ ಅಂಚಿನಲ್ಲಿ ತರಿ ಇಲ್ಲ, ಅಚ್ಚಿನ ಗೆರೆ ಇಲ್ಲ, ಮೇಲಿನ ಭಾಗ ಎಳೆದರೆ ಗಡಿಯಾರದ ಹಾಗೆ ಕಟಕ್ ಎಂದು ಕೂರುತ್ತದೆ. ನಮ್ಮ ಸಪ್ಲೈಯರ್‌ಗಳು ಕಾರಿಗೆ ಕೊಡುವ ಸಾಮಾನೂ ಇಷ್ಟು ಚೊಕ್ಕವಾಗಿರುವುದಿಲ್ಲ. ಲ್ಯಾಂಪ್ ಮರೆತು ಅದನ್ನು ತಂದೆ.

ಮಾರನೆಯ ದಿನ ಮಗಳು ಎಂದಿನಂತೆ "ಆಮೇಲೆ" ಎನ್ನುತ್ತಾ ಏಳುತ್ತಿದ್ದಳು. ನಾನು ಸುಮ್ಮನೆ ಪಿಸ್ತೂಲು ಎತ್ತಿ ತೋರಿಸಿದೆ. ಬಾಗಿಲತನಕ ಹೋದವಳು ತಿರುಗಿ ಬಂದಳು.

"ಅಪ್ಪ, ಅದೇನು?"

ನಲವತ್ತು ನಿಮಿಷ ಕೂತಳು. ನಾನು ಅದನ್ನು ಬಿಚ್ಚಿದೆ, ಸ್ಪ್ರಿಂಗ್ ತೋರಿಸಿದೆ, ಮತ್ತೆ ಜೋಡಿಸಿದೆ. ಮುಂದಿನ ಭಾನುವಾರ ಫೋನ್ ಎತ್ತಿದ ಕೂಡಲೇ ಅವಳ ಮೊದಲ ಮಾತು, "ಹೊಸದು ಏನು ಬಂತು?" ಅಷ್ಟೇ, ನನ್ನ ತಲೆ ಕೆಟ್ಟಿತು.

ಮುಂದಿನ ಆರು ತಿಂಗಳನ್ನು ಈಗ ನೆನೆದರೂ ಮೈ ಬಿಸಿಯಾಗುತ್ತದೆ. ವಾರಕ್ಕೊಂದು ಬರಲೇಬೇಕು. ಆನ್‌ಲೈನ್ ಹರಾಜಿನಲ್ಲಿ ಕೊನೆಯ ನಿಮಿಷ ಎಣಿಸುವಷ್ಟರಲ್ಲಿ ಊಟದ ಅನ್ನ ತಣ್ಣಗಾಗುತ್ತಿತ್ತು. ಕೊರೊನಾ ಎಂದು ಡೆಲಿವರಿಯವನು ಪಾರ್ಸೆಲ್ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಹೋಗುತ್ತಿದ್ದ. ಆ ಬೆಲ್ ಕೇಳಿದರೆ ನಾನು ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿ ಸಾಕ್ಸಿನಲ್ಲೇ ಜಾರಿಕೊಂಡು ಬಾಗಿಲಿಗೆ ಓಡುತ್ತಿದ್ದೆ. ಪೆಟ್ಟಿಗೆಯನ್ನು ಮಾತ್ರ ಭಾನುವಾರದ ತನಕ ಒಡೆಯುವಂತಿಲ್ಲ, ಮಗಳ ಮುಂದೆಯೇ ಒಡೆಯಬೇಕು. ಗುರುವಾರ ಬಂದ ಪೆಟ್ಟಿಗೆಯನ್ನು ಅಲ್ಲಾಡಿಸಿ, ಮೂಸಿ, ತೂಗಿ ನೋಡಿಕೊಂಡು ಮೂರು ದಿನ ಒದ್ದಾಡುತ್ತಿದ್ದೆ.

ನೆಪಗಳಿಗೇನು ಬರ. ಇದು ಅದರ ಜೋಡಿ. ಇದರ ಮರದ ಹಿಡಿ ಅದಕ್ಕಿಲ್ಲ. ಒಮ್ಮೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ಒಂದು ಚರ್ಮದ ಸೊಂಟದ ಚೀಲ ಚೆನ್ನಾಗಿದೆಯೆಂದು ತರಿಸಿದೆ. ನನ್ನ ಬಳಿಯಿದ್ದ ಹನ್ನೊಂದು ಪಿಸ್ತೂಲುಗಳಲ್ಲಿ ಒಂದೂ ಅದರೊಳಗೆ ಕೂರಲಿಲ್ಲ. ಚೀಲ ವ್ಯರ್ಥವಾಗಬಾರದಲ್ಲ, ಅದಕ್ಕೆ ಹೊಂದುವ ಹನ್ನೆರಡನೆಯದನ್ನು ತಂದೆ. ಹಾಸಿಗೆಗಳನ್ನು ಇಡುವ ಗೋಡೆಯ ಕಪಾಟಿನಿಂದ ಹಾಸಿಗೆಗಳನ್ನು ಹೊರಹಾಕಿ, ಕಂಪನಿಯಲ್ಲಿ ಕಲಿತ ಹಾಗೆ ಪ್ರತಿಯೊಂದಕ್ಕೂ ಜಾಗ, ನಂಬರು, ಲೇಬಲ್ಲು. ಪ್ರತಿಯೊಂದನ್ನೂ ವರ್ನಿಯರ್ ಹಿಡಿದು ಅಳೆದು ಇನ್ಸ್‌ಪೆಕ್ಷನ್ ಶೀಟ್ ತುಂಬಿದೆ. ಯಾರೂ ಕೇಳಿರಲಿಲ್ಲ.

ಹೆಂಡತಿಗೆ ಇದಾವುದೂ ಗೊತ್ತಿರಲಿಲ್ಲ. ಮಗಳು ಫೋನ್ ಹಿಡಿದು ತಾರಸಿಗೆ ಹೋಗುತ್ತಿದ್ದಳು. "ಅಪ್ಪ ಮಗಳದ್ದು ಅದೇನು ಗುಟ್ಟೋ, ನಾನು ಹತ್ರ ಬಂದ್ರೆ ಇಬ್ರೂ ಬಾಯಿ ಮುಚ್ಕೋತೀರ" ಎಂದು ಹೆಂಡತಿ ಛೇಡಿಸುತ್ತಿದ್ದಳು. ನನಗೆ ಒಳಗೊಳಗೇ ಹಿಗ್ಗು.

ಸೆಪ್ಟೆಂಬರಿನಲ್ಲಿ ಆ ನಿಜವಾದದ್ದು ಬಂತು. ಪುರಾತನ ವಸ್ತುಗಳ ಅಂಗಡಿಯೊಂದರಲ್ಲಿ, ಬತ್ತಿ ಹೊತ್ತಿಸಿ ಹಾರಿಸುವ ಹಳೇ ಕಾಲದ ಕೋವಿ. ನನ್ನ ಎದೆಯೆತ್ತರದ ಕಬ್ಬಿಣ, ಅದರ ಮೇಲೆ ಹಿತ್ತಾಳೆಯ ಹೂವು. ಅಂಗಡಿಯ ಮುದುಕ ಎರಡೂ ಕೈಯಲ್ಲಿ ಮಗುವನ್ನು ಕೊಡುವಂತೆ ಕೊಟ್ಟ. ಜಪಾನಿನಲ್ಲಿ ಬಂದೂಕು ಇಟ್ಟುಕೊಳ್ಳುವುದೆಂದರೆ ಸುಲಭವಲ್ಲ. ಆದರೆ ಇಂಥ ಹಳೆಯ ಕೋವಿಗೆ ಒಂದು ನೋಂದಣಿ ಕಾಗದ ಇದ್ದರೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆ ಕಾಗದ ಕೊಡುವವರು ಪೊಲೀಸರಲ್ಲ, ಪ್ರಾಂತ್ಯದ ಶಿಕ್ಷಣ ಮಂಡಳಿಯವರು. ಕೋವಿ ಕೈ ಬದಲಾಯಿಸಿದರೆ ಅವರಿಗೇ ತಿಳಿಸಬೇಕು. ಸ್ಕೂಲು ಬಿಟ್ಟ ಹುಡುಗನಿಗೆ ಟಿ.ಸಿ. ಕೊಟ್ಟ ಹಾಗೆ.

"ಕಾಗದ ಕೋವಿಯ ಜೊತೆಗೇ ಇರಬೇಕು. ಅದು ಕಳೆದರೆ ನಿಮ್ಮ ಕೈಯಲ್ಲಿರುವುದು ಅಪರಾಧ" ಎಂದ ಮುದುಕ. ನಾನು ತಲೆ ಬಾಗಿಸಿ ಬಾಗಿಸಿ ಅರಿಗಾತೋ ಹೇಳಿದೆ. ಮರುದಿನವೇ ಮಂಡಳಿಗೆ ಪತ್ರ ಹಾಕಿದೆ.

ಶರತ್ಕಾಲಕ್ಕೆ ಜಪಾನು ಇಲ್ಲಿ ನೆಲೆಸಿದವರಿಗೆ ಬಾಗಿಲು ತೆರೆಯಿತು. ನವೆಂಬರ್ ಮೊದಲ ವಾರಕ್ಕೆ ಇಬ್ಬರಿಗೂ ಟಿಕೆಟ್ ಸಿಕ್ಕಿತು. ಅದಕ್ಕೆ ಎರಡು ವಾರ ಮುಂಚೆ ಆಯುಧಪೂಜೆ, ಅದೂ ಭಾನುವಾರ.

"ಲ್ಯಾಪ್‌ಟಾಪಿಗೆ ಒಂದು ಹೂವ ಇಡಿ ಸಾಕು" ಎಂದಳು ಹೆಂಡತಿ. ಫೋನು ತಾರಸಿಗೆ ಹೋದ ಮೇಲೆ ಮಗಳ ಆಜ್ಞೆ ಬೇರೆ: "ಎಲ್ಲಾದಕ್ಕೂ ಪೂಜೆ ಮಾಡು ಅಪ್ಪ. ಇಲ್ಲಿ ತಾತ ಸ್ಕೂಟರ್‌ಗೆ, ಮಿಕ್ಸಿಗೆ, ಎಲ್ಲಾ ಮಾಡ್ತಿದಾರೆ." ನ್ಯಾಯವಾಗಿ ನೋಡಿದರೆ ಅವಳ ಮಾತೇ ಸರಿ. ಆಯುಧಪೂಜೆಯ ದಿನ ಮಿಕ್ಸಿಗೆ ಹೂವು, ಬಂದೂಕಿಗೆ ಇಲ್ಲ ಎಂದರೆ ಹೇಗೆ?

ಮನೆಯೊಳಗೆ ಕರ್ಪೂರ ಹಚ್ಚುವಂತಿಲ್ಲ. ಗಣೇಶನ ಹಬ್ಬಕ್ಕೆ ಹಚ್ಚಿ ಸೂರಿನ ಹೊಗೆ ಅಲಾರಂ ಕೂಗಿ ಇಡೀ ಕಟ್ಟಡ ಕೆಳಗಿಳಿದಿತ್ತು. ಹಾಗಾಗಿ ಬಾಲ್ಕನಿ. ಬಿಳಿ ಬೆಡ್‌ಶೀಟ್ ಹಾಸಿ ಇಪ್ಪತ್ತೊಂದನ್ನೂ ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ಏರಿಸಿದೆ. ಊರಲ್ಲಿ ಅಪ್ಪ ಲೆಕ್ಕದ ಪುಸ್ತಕಕ್ಕೆ, ಗಾಡಿಯ ಆರ್‌.ಸಿ. ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರಲ್ಲ, ಕೈ ತಾನಾಗಿ ಹೋಯಿತು. ಕೋವಿಯ ನೋಂದಣಿ ಕಾಗದಕ್ಕೂ ಒದ್ದೆ ಬೆರಳಿನಿಂದ ಢಾಳಾಗಿ ಹಚ್ಚಿದೆ.

ಕೊನೆಗೆ ಕುಂಬಳಕಾಯಿ. ಬೂದುಗುಂಬಳ ಸಿಗಲಿಲ್ಲ, ಇಲ್ಲಿಯ ಹಸಿರು ಕುಂಬಳ ತಂದಿದ್ದೆ. ಮೇಲೆ ತೂತು ಕೊರೆದು ಕುಂಕುಮದ ನೀರು ತುಂಬಿ ನೆಲಕ್ಕೆ ಅಪ್ಪಳಿಸಿದೆ. ಅದು ಚೆಂಡಿನಂತೆ ಪುಟಿದು ಮೂಲೆಗೆ ಹೋಯಿತು. ಸಿಟ್ಟು ಬಂತು. ಒಳಗಿಂದ ಸುತ್ತಿಗೆ ತಂದು ಬಡಿದೆ. ಎರಡನೆಯ ಏಟಿಗೆ ಬಿಳಿ ಬೆಡ್‌ಶೀಟು, ಗೋಡೆ, ನನ್ನ ಪಂಚೆ, ಎಲ್ಲ ಕೆಂಪು. ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ನಗು ಕೇಳಿ ತಾರಸಿಗೆ ಬಂದ ಹೆಂಡತಿಯ ಮುಖ ಪರದೆಯಲ್ಲಿ ಕಾಣಿಸಿತು.

"ರೀ, ಏನ್ರೀ ಅದು? ಬಂದೂಕಾ ಅವೆಲ್ಲ?"

ಉತ್ತರ ಹುಡುಕುತ್ತಾ ತಲೆಯೆತ್ತಿದರೆ ಎದುರು ಕಟ್ಟಡದ ಬಾಲ್ಕನಿಯಲ್ಲಿ ಹಾಸಿಗೆ ಒಣಗಿಸುತ್ತಿದ್ದ ಅಜ್ಜಿ ನನ್ನನ್ನೇ ನೋಡುತ್ತಾ ನಿಂತಿದ್ದಾರೆ. ನಾನು ಸುತ್ತಿಗೆ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ. ಅವರು ಹಾಸಿಗೆ ಬಿಟ್ಟು ಒಳಗೆ ಹೋದರು.

ಹತ್ತು ನಿಮಿಷಕ್ಕೆ ಬೆಲ್ ಆಯಿತು. ಪಾರ್ಸೆಲ್ ಅಲ್ಲ. ಒಬ್ಬ ವಯಸ್ಸಾದ ಪೊಲೀಸು, ಜೊತೆಗೆ ನೋಟ್‌ಬುಕ್ ಹಿಡಿದ ಮಹಿಳಾ ಪೊಲೀಸು. ಬಾಗಿಲಲ್ಲಿ ನಾನು ಬರಿಮೈ, ಕೆಂಪು ಪಂಚೆ, ಮುಖಕ್ಕೆ ಮಾತ್ರ ನಿಯಮದಂತೆ ಮಾಸ್ಕ್.

"ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ಒಳಗೆ ಬರಬಹುದೇ?" ಎಂದು ಹಿರಿಯರು ಕೇಳಿದರು. ಬೂಟು ಬಿಚ್ಚಿ ಜೋಡಿಸಿಟ್ಟು ಬಾಲ್ಕನಿಯ ತನಕ ಬಂದರು. ನನ್ನ ವೀಸಾಕ್ಕೆ ಏನಾದರೂ ಆದರೆ ಅದಕ್ಕೆ ಅಂಟಿಕೊಂಡ ಹೆಂಡತಿ ಮಗಳ ವೀಸಾವೂ ಹೋಗುತ್ತದೆ. ಎಂಟು ತಿಂಗಳ ಮೇಲೆ ಸಿಕ್ಕ ಟಿಕೆಟ್ಟು ಹಾಗೇ ಉಳಿದು, ಮಗಳು ಅಲ್ಲೇ ಉಳಿಯುತ್ತಾಳೆ. ಬೇರೇನೂ ತಲೆಗೆ ಹೋಗಲಿಲ್ಲ.

ಇವತ್ತು ನಾವು ಉಪಕರಣಗಳಿಗೆ ಮರ್ಯಾದೆ ಮಾಡುವ ದಿನ, ಈ ಕೆಂಪು ಕುಂಬಳಕಾಯಿಯದು ಎಂದು ಗೊತ್ತಿದ್ದ ಜಪಾನಿಯನ್ನೆಲ್ಲ ಸುರಿದೆ. ಹಿರಿಯರು ತಲೆಯಾಡಿಸಿದರು. "ನಮ್ಮಲ್ಲೂ ಮುರಿದ ಸೂಜಿಗಳಿಗೆ ಪೂಜೆ ಮಾಡುತ್ತೇವೆ. ನನ್ನ ತಾಯಿ ಮಾಡುತ್ತಿದ್ದರು" ಎಂದರು. ಆಮೇಲೆ ಬಗ್ಗಿ ಒಂದೊಂದನ್ನೇ ಎತ್ತಿ ಪರೀಕ್ಷಿಸತೊಡಗಿದರು. ಏಳನೆಯದನ್ನು ಎತ್ತಿದವರು ಕೆಳಗಿಡಲೇ ಇಲ್ಲ.

"ಇದು ಈಗ ತಯಾರಾಗುವುದಿಲ್ಲ. ಎಲ್ಲಿ ಸಿಕ್ಕಿತು?"

ನನ್ನ ಭಯ ಅರ್ಧ ಹಾರಿಹೋಯಿತು. ನಾನು ಹೇಳಿದೆ, ಅವರು ಕೇಳಿದರು, ಇಬ್ಬರೂ ಸ್ಪ್ರಿಂಗಿನ ಬಗ್ಗೆ ಶುರು ಮಾಡಿದೆವು. ಮಹಿಳಾ ಪೊಲೀಸು ಗಂಟಲು ಸರಿಮಾಡಿಕೊಂಡು ಕೊನೆಯದರ ಕಡೆ ಪೆನ್ನು ತೋರಿಸಿದರು.

"ಇದೂ ಆಟದ್ದೇ?"

"ಅಲ್ಲ, ಅದು ನಿಜವಾದದ್ದು. ಕಾಗದ ಇದೆ."

ಕಾಗದ ಕೊಟ್ಟೆ. ಹಿರಿಯರು ಕನ್ನಡಕ ಏರಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ನೋಂದಣಿ ಸಂಖ್ಯೆ ಇರಬೇಕಾದಲ್ಲಿ ನನ್ನ ಭಕ್ತಿ ದಪ್ಪಗೆ ಮೆತ್ತಿಕೊಂಡಿತ್ತು. ಒರೆಸಿದರೆ ಇನ್ನೂ ಹರಡಿತು. ಭಾನುವಾರ ಶಿಕ್ಷಣ ಮಂಡಳಿಗೆ ರಜೆ. ನಾಳೆ ವಿಚಾರಿಸಿ ಹೇಳುತ್ತೇವೆ, ಅಲ್ಲಿಯವರೆಗೆ ಕೋವಿ ನಮ್ಮಲ್ಲಿರಲಿ ಎಂದು ರಸೀತಿ ಬರೆದುಕೊಟ್ಟರು. ಸೇವಂತಿಗೆಯ ಸಮೇತ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಬಾಲ್ಕನಿಯಲ್ಲಿ ವಿಡಿಯೋ ಕಾಲ್ ಇನ್ನೂ ನಡೆಯುತ್ತಲೇ ಇತ್ತು. ಹೆಂಡತಿ ಪೂರ್ತಿ ಕೇಳಿದ್ದಳು. ಬೈಯುತ್ತಾಳೆಂದು ಕಾದೆ.

"ನಾವು ಬರೋಕೆ ಇನ್ನೂ ಎರಡು ವಾರ ಇದೆ. ಅಷ್ಟರೊಳಗೆ ಜೈಲಿಗೆ ಹೋಗ್ಬೇಡಿ" ಎಂದಳು.

ಸೋಮವಾರ ನಾನೇ ಠಾಣೆಗೆ ಓಡಿದೆ. ಮಂಡಳಿಯ ದಾಖಲೆಯಲ್ಲಿ ಪ್ರತಿ ಕೋವಿಯ ನಳಿಕೆಯ ಉದ್ದ, ಬಾಯಿಯ ಅಗಲ ಬರೆದಿರುತ್ತಾರಂತೆ. ಹಿರಿಯರು ಫೋನಿನಲ್ಲಿ ಅದನ್ನು ಕೇಳುತ್ತಿದ್ದಂತೆ ನಾನು ಕೋವಿಗೂ ತುಂಬಿಟ್ಟಿದ್ದ ಇನ್ಸ್‌ಪೆಕ್ಷನ್ ಶೀಟ್ ಅವರ ಮುಂದಿಟ್ಟೆ. ಮಿಲಿಮೀಟರಿಗೆ ಸರಿಯಾಗಿ ಕೂತಿತು. ನನ್ನ ಜೀವಮಾನದಲ್ಲಿ ಒಂದು ಶೀಟು ನನಗೆ ಅಷ್ಟು ಸಂತೋಷ ಕೊಟ್ಟದ್ದಿಲ್ಲ. ಹೊಸ ಕಾಗದಕ್ಕೆ ಅರ್ಜಿ ಹಾಕಿಸಿ, ಅದು ಬಂದ ದಿನ ಅವರೇ ಕೋವಿಯನ್ನು ಮನೆಗೆ ತಂದುಕೊಟ್ಟರು. "ಮುಂದಿನ ವರ್ಷ ಎದುರುಮನೆಯವರಿಗೆ ಒಂದು ಮಾತು ಹೇಳಿ ಮಾಡಿ" ಎಂದಷ್ಟೇ ಹೇಳಿದರು.

ನವೆಂಬರಿನಲ್ಲಿ ಅವರು ಬಂದಿಳಿದರು. ಹೊರದೇಶದಿಂದ ಬಂದವರು ಬಸ್ಸು ರೈಲು ಹತ್ತುವಂತಿರಲಿಲ್ಲ, ಬಾಡಿಗೆ ಕಾರಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಮಗಳು ಹಿಂದಿನ ಸೀಟಿನಲ್ಲಿ ಅಪ್ಪಟ ಮೈಸೂರು ಕನ್ನಡದಲ್ಲಿ ಮಾತಾಡುತ್ತಾ ಬಂದಳು. ನನ್ನನ್ನು ಅಂಕಲ್ ತರಹ ನೋಡಲಿಲ್ಲ. ಗೆದ್ದೆ ಎಂದುಕೊಂಡೆ. ಮನೆ ಮುಟ್ಟಿದ ಕೂಡಲೇ ಕೈ ತೊಳೆಸಿ, ಗೋಡೆ ಕಪಾಟಿನ ಮುಂದೆ ಕೂರಿಸಿ ಬಾಗಿಲು ಸರ್ರನೆ ಸರಿಸಿದೆ. ಇಪ್ಪತ್ತೊಂದೂ ಲೇಬಲ್ಲಿನ ಸಮೇತ.

"ಯಾವುದು ಮೊದಲು ತೆಗೀಲಿ, ಹೇಳು."

ಅವಳು ಎಲ್ಲವನ್ನೂ ನೋಡಿದಳು. ಮುಟ್ಟಲಿಲ್ಲ.

"ಅಪ್ಪ, ಇನ್ಮೇಲೆ ತರ್ಬೇಡ. ನಾನು ಬಂದ್ನಲ್ಲ."

"ಯಾಕೆ, ನಿಂಗೆ ಇಷ್ಟ ಅಲ್ವಾ?"

"ಇಲ್ಲ, ನಂಗೆ ಬೋರ್ ಆಗ್ತಿತ್ತು. ಗನ್ ಇಲ್ದೇ ಇದ್ರೆ ನೀನು ಊಟ ಆಯ್ತಾ, ಓದ್ಕೊಂಡ್ಯಾ ಅಂತ ಕೇಳಿ ಅಮ್ಮಂಗೆ ಕೊಡು ಅಂತಿದ್ದೆ. ಗನ್ ಬಂದ್ರೆ ನೀನು ತುಂಬಾ ಹೊತ್ತು ಮಾತಾಡ್ತಿದ್ದೆ. ಅದಕ್ಕೇ ನಾನು ಹೊಸದು ಏನು ಬಂತು ಅಂತ ಕೇಳ್ತಿದ್ದೆ."

ಅವಳ ಮುಖ ನೋಡಿದೆ. ಕಾರಿನಲ್ಲಿ ಮಾಸ್ಕ್ ಹಾಕಿದ್ದಳು, ಈಗ ತೆಗೆದಿದ್ದಳು. ಮುಂದಿನ ಎರಡು ಹಾಲುಹಲ್ಲು ಹೋಗಿ ಅಲ್ಲಿ ಅಗಲವಾದ ಹೊಸ ಹಲ್ಲುಗಳು ಅರ್ಧ ಬಂದಿದ್ದವು.

"ಹಲ್ಲು ಯಾವಾಗ ಬಿತ್ತು?"

"ಮಳೆಗಾಲದಲ್ಲೇ. ತೋರಿಸಿದ್ನಲ್ಲ ಅಪ್ಪ, ಕೈಯಲ್ಲಿ ಹಿಡ್ಕೊಂಡು. ನೀನು ಪೆಟ್ಟಿಗೆ ಒಡೀತಾ ಇದ್ದೆ."