ಗಂಟಲಲ್ಲಿ ಎಲುಬು ಇರಲಿಲ್ಲ

ಮಾವನವರು ನಾಯಿಯ ಬಾಯೊಳಗೆ ಕೈ ಹಾಕಿದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹಿತ್ತಲ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದ ಅದರ ದವಡೆ ಅಗಲಿಸಿ, ಬಲಗೈ ಬೆರಳುಗಳನ್ನು ಗಂಟಲಿನವರೆಗೆ ಇಳಿಸಿದ್ದರು.

"ಎಲಬ ಸಿಕ್ಕೊಂಡೈತಿ ಪಾಪ. ನುಂಗಾಕ ಬರವಲ್ದು ಅದಕ್ಕ" ಎಂದು ಪಕ್ಕದಲ್ಲಿ ನಿಂತಿದ್ದ ಅತ್ತೆಗೆ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಓಣಿಯಲ್ಲಿ ಎಲ್ಲೋ ತಿಂದು ಬಂದಿರಬೇಕು ಎಂದು ಅವರ ಲೆಕ್ಕ. ರೋಣದ ಪೇಟೆಯಲ್ಲಿ ನಮ್ಮದು ಜೋಳ, ಕಡಲೆಯ ಅಂಗಡಿ. ಈ ನಾಯಿಯನ್ನು ಮಾವನವರೇ ಜಕ್ಕಲಿಯಿಂದ ಟವೆಲಿನಲ್ಲಿ ಸುತ್ತಿ ತಂದಿದ್ದರು. ಹಗಲು ಅಂಗಡಿಯ ಚೀಲಗಳ ಮೇಲೆ ಮಲಗುತ್ತಿತ್ತು, ಸಂಜೆ ಅವರ ಸೈಕಲ್ಲಿನ ಹಿಂದೆಯೇ ಮನೆಗೆ ಬರುತ್ತಿತ್ತು. ಮರಿ ಇದ್ದಾಗ ಒಂದು ಸಲ ಲಸಿಕೆ ಹಾಕಿಸಿದ್ದು ಬಿಟ್ಟರೆ ಮತ್ತೆ ಯಾರೂ ಅದರ ಯೋಚನೆ ಮಾಡಿರಲಿಲ್ಲ. ಹಿಂಗಾರಿ ಬಿತ್ತನೆಗೆ ಮುಂಚೆ ಯಾವುದೋ ಬೀದಿನಾಯಿ ಇದರ ಕಿವಿ ಹರಿದಿತ್ತು. ಮಾವನವರು ಅರಿಶಿನ ಹಚ್ಚಿದರು, ಗಾಯ ಒಣಗಿತು, ಎಲ್ಲರೂ ಮರೆತೆವು.

ಈಗ ಅದು ಊಟ ಬಿಟ್ಟಿತ್ತು. ಕತ್ತಲ ಮೂಲೆ ಹುಡುಕಿಕೊಂಡು ಹೋಗಿ ಮಲಗುತ್ತಿತ್ತು. ಬೊಗಳಿದರೆ ದನಿ ಒಡೆದು ಬೇರೆಯೇ ನಾಯಿ ಬೊಗಳಿದಂತೆ ಕೇಳುತ್ತಿತ್ತು. ಆದರೆ ನನಗೆ ಹೆದರಿಕೆ ಹುಟ್ಟಿದ್ದು ಅದರ ಮುಂದಿದ್ದ ನೀರಿನ ಬೋಗುಣಿ ನೋಡಿ. ನೀರು ತುಂಬಿದಂತೆಯೇ ಇತ್ತು, ಮೇಲೆ ಜೊಲ್ಲು ತೇಲುತ್ತಿತ್ತು.

ಹೊಳೆಆಲೂರಿನ ನನ್ನ ತವರಿನಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ, ನಮ್ಮ ಪಕ್ಕದ ಮನೆಯ ಗಂಡಸು ನಾಯಿಯಿಂದ ಕಚ್ಚಿಸಿಕೊಂಡು ಸತ್ತಿದ್ದ. ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಒಳಗೆ ಹೋದರೆ ಅವನು ಕಿರುಚುತ್ತಿದ್ದ ದನಿ ನಮ್ಮ ಪಡಸಾಲೆಯವರೆಗೆ ಬರುತ್ತಿತ್ತು. ಆ ದನಿ ನನ್ನ ಕಿವಿಯಿಂದ ಇಂದಿಗೂ ಹೋಗಿಲ್ಲ.

"ಮಾವಾರ, ಕೈ ತಗೀರಿ! ಮದಲ ಕೈ ತಗೀರಿ!"

ಮದುವೆಯಾಗಿ ಬಂದ ಮೇಲೆ ಅವರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ಬೆಚ್ಚಿ ಕೈ ಹೊರಗೆಳೆದರು. ಬೆರಳಿನ ಗೆಣ್ಣಿನ ಮೇಲೆ ನೂಲಿನಷ್ಟು ತೆಳ್ಳಗೆ ಒಂದು ಕೆಂಪು ಗೆರೆ, ಅದರ ತುದಿಯಲ್ಲಿ ಒಂದು ಹನಿ ರಕ್ತ.

"ಏನಾತವಾ? ಅದು ಕಡದಿಲ್ಲ. ಹಲ್ಲ ತಾಕೈತಿ, ಅಷ್ಟ."

ಅವರನ್ನೂ ಅತ್ತೆಯನ್ನೂ ಒಳಗೆ ಕರೆದು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆ. ಬಚ್ಚಲ ನಳ ಬಿಟ್ಟು, ಅವರ ಕೈ ಅದರ ಕೆಳಗೆ ಹಿಡಿದು ಸಾಬೂನು ಉಜ್ಜತೊಡಗಿದೆ. ಅಷ್ಟರಲ್ಲಿ ಅತ್ತೆ ಖಾರಪುಡಿ, ಸುಣ್ಣ ಹಿಡಿದುಕೊಂಡು ಬಂದರು.

"ಇದನ್ನ ಒತ್ತಿಬಿಡು, ವಿಷ ಸುಟ್ಟ ಹೋಗತೈತಿ."

"ಬ್ಯಾಡ್ರಿ ಅತ್ತಿ. ಗಾಯದ ಮ್ಯಾಲ ಏನೂ ಹಚ್ಚೂದು ಬ್ಯಾಡ. ಸಾಬಾಣ, ಹರಿಯೂ ನೀರು, ಅಷ್ಟ ಸಾಕು."

ಕಾಲು ಗಂಟೆ ತೊಳೆಯಬೇಕು ಎಂದು ಓದಿದ್ದೆ. ಮಾವನವರು ಸಾಕು ಎಂದರೂ ನಾನು ಕೈ ಬಿಡಲಿಲ್ಲ. ಇನ್ನೊಮ್ಮೆ ಸಾಬೂನು ಹಚ್ಚಿ ಉಜ್ಜಿದೆ.

ನನ್ನ ಯಜಮಾನರು ವ್ಯಾಪಾರಕ್ಕೆಂದು ನರಗುಂದಕ್ಕೆ ಹೋಗಿದ್ದರು. ಫೋನ್ ಮಾಡಿ ಹೇಳಿದೆ. ದನದ ಡಾಕ್ಟರಿಗೂ ಮಾಡಿದೆ. ಡಾಕ್ಟರು ಬಂದು ಹಿತ್ತಲ ಗೋಡೆಯ ಆಚೆಯಿಂದಲೇ ಬಹಳ ಹೊತ್ತು ನಾಯಿಯನ್ನು ನೋಡಿದರು. ಅದು ನೀರಿಗೆ ಬಾಯಿ ಹಾಕಿ, ನುಂಗಲಾಗದೆ, ಕತ್ತು ಮೇಲೆತ್ತಿ ನಿಂತಿತ್ತು. ಕೆಳದವಡೆ ಜೋತುಬಿದ್ದಿತ್ತು.

"ಇದು ಎಲಬ ಅಲ್ಲರಿ. ಹುಚ್ಚು ರೋಗ ಇದ್ದಂಗ ಕಾಣತೈತಿ. ಹತ್ತರ ಯಾರೂ ಹೋಗಬ್ಯಾಡ್ರಿ. ಪರೀಕ್ಷಾ ಗಿರೀಕ್ಷಾ ಅಂತ ದಾರಿ ಕಾಯಬ್ಯಾಡ್ರಿ. ಇವತ್ತ, ಈಗ, ಹೋಗಿ ಇಂಜೆಕ್ಷನ್ ತಗೊಳ್ರಿ."

ಮಾವನವರು ಕಟ್ಟೆಯ ಮೇಲೆ ಕೂತರು. ಹಿತ್ತಲ ಬಾಗಿಲ ಕಡೆಗೂ ತಮ್ಮ ಬೆರಳಿನ ಕಡೆಗೂ ನೋಡಿದರು.

"ಗಜೇಂದ್ರಗಡದ ಕಡೆ ಒಬ್ಬಾಂವ ಬೇರು ಅರದು ಕುಡಸ್ತಾನಂತ. ಭಾಳ ಮಂದಿಗೆ ಆರಾಮ ಆಗೈತಿ. ಅಲ್ಲಿಗೇ ಹೋಗಿ ಬರೂಣವಾ."

"ನಮ್ಮೂರಾಗ ಸತ್ತಾಂವನೂ ಬೇರು ಕುಡದಿದ್ದರಿ ಮಾವಾರ. ಗಾಯ ಇಷ್ಟ ಸಣ್ಣದಿತ್ತು ಅಂವಂದೂ. ಒಮ್ಮಿ ನೀರಿಗೆ ಹೆದರೂದು ಸುರು ಆತಂದ್ರ ಯಾವ ಡಾಕ್ಟರ ಕೈಯಾಗೂ ಏನೂ ಉಳಿಯೂದಿಲ್ಲ. ಕಾಲಿಗೆ ಬೀಳತೀನಿ, ಏಳ್ರಿ."

ಅವರು ಎದ್ದರು. ಊರಿನ ದವಾಖಾನೆಯಲ್ಲಿ ತೋಳಿಗೆ ಲಸಿಕೆ ಹಾಕಿ, ಗಾಯದ ಸುತ್ತ ಇನ್ನೊಂದು ಔಷಧ ಚುಚ್ಚಬೇಕೆಂದು ಗದಗಕ್ಕೆ ಕಳಿಸಿದರು. ಗದಗದಲ್ಲಿ ಆ ಗೆರೆಯೊಳಗೇ ಸೂಜಿ ಇಳಿಸಿದಾಗ ಮಾವನವರು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೇಳಿದರು: "ಮನ್ಯಾಗ ಬ್ಯಾರೆ ಯಾರಿಗರ ಕಡದೈತೇನ್ರಿ? ಪರಚೈತೇನು? ಗಾಯ ಇದ್ದಲ್ಲಿ ನೆಕ್ಕೈತೇನು?"

"ಇಲ್ಲರಿ" ಎಂದೆ. ಹಾಗೆಂದೇ ನಾನು ತಿಳಿದಿದ್ದೆ.

ಮರುದಿನ ನಾಯಿ ಹಿತ್ತಲಲ್ಲೇ ಸತ್ತಿತು. ಪುರಸಭೆಯಿಂದ ಕೈಗವಸು ಹಾಕಿಕೊಂಡವರು ಬಂದು ಒಯ್ದು ಆಳವಾಗಿ ಹೂಳಿದರು. ಅದು ಮಲಗುತ್ತಿದ್ದ ಚೀಲಗಳನ್ನು ಸುಟ್ಟೆವು, ನೆಲವನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆದೆವು. ಅಂಗಡಿಯಲ್ಲಿ ಇಲಿಗಳಿಗಾಗಿ ಸಾಕಿದ್ದ ಬೆಕ್ಕು ಒಂದಿತ್ತು. ನಾಯಿ ಅದನ್ನು ಕಚ್ಚಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ದನದ ಡಾಕ್ಟರು ಅದಕ್ಕೂ ಲಸಿಕೆ ಹಾಕಿ, ಹಿಂದಿನ ಕೋಣೆಯಲ್ಲಿ ಕೂಡಿ ಹಾಕಿ ತಿಂಗಳುಗಟ್ಟಲೆ ಗಮನವಿಡಲು ಹೇಳಿದರು. ಕಿಟಕಿಯ ಸರಳಿನಿಂದ ಕೋಲಲ್ಲಿ ತಳ್ಳಿ ಹಾಲಿನ ತಟ್ಟೆ ಕೊಡುತ್ತಿದ್ದೆ. ಅದು ಮಿಯಾಂವ್ ಎಂದರೂ ದನಿ ಒಡೆದಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದೆ.

ಕೆಲವು ದಿನಗಳ ಮೇಲೆ ಬಚ್ಚಲಲ್ಲಿ ಮಗಳಿಗೆ ನೀರೆರೆಯುತ್ತಿದ್ದೆ. ಆಗಷ್ಟೇ ಒಂದನೇ ಇಯತ್ತೆಗೆ ಹೋಗುತ್ತಿದ್ದ ಮಗು. ಮೊಣಕಾಲಿನ ಮೇಲೆ ಒಣಗಿದ ಗಾಯ ಕಂಡಿತು.

"ಇದು ಯಾವಾಗ ಆತ?"

ಅವಳು ಮೊಣಕಾಲನ್ನು ಕೈಯಿಂದ ಮುಚ್ಚಿಕೊಂಡಳು. ಮತ್ತೆ ಕೇಳಿದಾಗ ಅಳತೊಡಗಿದಳು.

"ಅಂಗಳದಾಗ ಬಿದ್ದಿದ್ನೆವಾ. ನಾಯಿ ಬಂದು ನೆಕ್ಕಿತು. ಅದಕ್ಕ ಆರಾಮ ಇರಲಿಲ್ಲಲ್ಲ, ಅವಾಗ. ನನಗ ಅಜ್ಜನಂಗ ಸೂಜಿ ಚುಚ್ಚಸಬ್ಯಾಡ."

ಕೈಯಲ್ಲಿದ್ದ ತಂಬಿಗೆ ಬಿದ್ದುಹೋಯಿತು. ಮೊಣಕಾಲಿಗೆ ಸಾಬೂನು ಹಚ್ಚಿ ತೊಳೆದೆ, ಒದ್ದೆ ಮೈಯ ಮಗುವನ್ನು ಟವೆಲಿನಲ್ಲಿ ಸುತ್ತಿ ಹೊರಗೆ ಓಡಿಬಂದೆ. ಯಜಮಾನರು ಗಾಡಿ ತೆಗೆದರು. ಗದಗ ಮುಟ್ಟುವವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ತಡವಾಯಿತು, ತಡವಾಯಿತು.

ಡಾಕ್ಟರಮ್ಮ ಬೈಯಲಿಲ್ಲ. "ತಡ ಆಗೈತಿ ಖರೇ. ಆದ್ರ ತಡ ಆತಂತ ಇಂಜೆಕ್ಷನ್ ಬಿಡೂ ರೋಗ ಅಲ್ಲ ಇದು. ಈಗರ ಬಂದೀರಲ್ಲ" ಎಂದರು. ಮಗುವಿನ ಮೊಣಕಾಲನ್ನು ನಾನೇ ಒತ್ತಿ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕಿರುಚಿದಳು.

ಅಜ್ಜ, ಮೊಮ್ಮಗಳು ಇಬ್ಬರೂ ಎಲ್ಲ ಇಂಜೆಕ್ಷನ್ ಮುಗಿಸಿದರು. ಒಂದನ್ನೂ ತಪ್ಪಿಸಲಿಲ್ಲ. ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ಅವರ ಮಾತು ನಂಬಿದೆ, ಆದರೆ ಭಯ ನಂಬಿಕೆಯ ಮಾತು ಕೇಳಲಿಲ್ಲ. ಮಗಳು ನೀರು ಬೇಡ ಎಂದರೆ ಸಾಕು, ತಂಬಿಗೆ ಹಿಡಿದು ಅವಳ ಹಿಂದೆಯೇ ಓಡಾಡುತ್ತಿದ್ದೆ. ಅವಳು ಮಲಗಿದ ಮೇಲೆ ಉಗುಳು ನುಂಗುವುದನ್ನು ನೋಡುತ್ತ ಕೂರುತ್ತಿದ್ದೆ. ಬೇಕಿರಲಿ ಬೇಡವಿರಲಿ, ಮಾವನವರ ಮುಂದೆ ನೀರು ಇಟ್ಟು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದೆ. ಅವರಿಗೆ ಅದು ಗೊತ್ತಾಗಿತ್ತು. ಒಂದು ಬೆಳಿಗ್ಗೆ ಗ್ಲಾಸು ಎತ್ತಿ ಗಟಗಟ ಕುಡಿದು, ಬೋರಲು ಮಾಡಿ ತೋರಿಸಿದರು.

"ನೋಡವಾ, ಕುಡದೆ. ಇನ್ನ ನೀನೂ ಹೋಗಿ ಒಂದ ತುತ್ತ ಉಣ್ಣು."

ಕಡಲೆ ಸುಗ್ಗಿ ಬಂತು. ಪೇಟೆ ತುಂಬ ಚಕ್ಕಡಿ, ಟ್ರ್ಯಾಕ್ಟರು. ಬೆಕ್ಕು ಆರಾಮವಾಗಿಯೇ ಇತ್ತು, ಕೋಣೆಯಿಂದ ಹೊರಗೆ ಬಿಟ್ಟಿದ್ದೆವು. ಅಂದು ಅಂಗಡಿಗೆ ಬುತ್ತಿ ಒಯ್ದಿದ್ದೆ, ಮಗಳೂ ಜೊತೆಗಿದ್ದಳು. ಅವಳು ಚೀಲಗಳ ಮೇಲೆ ಹತ್ತಿ ಕೂತು, ಇದ್ದಕ್ಕಿದ್ದಂತೆ ಕೇಳಿದಳು:

"ಅಜ್ಜಾ, ನಮ್ಮ ನಾಯಿಗೆ ನೀರ ಕುಡಿಯಾಕ ಬರಲಿಲ್ಲಲ್ಲ, ಅದಕ್ಕ ಭಾಳ ನೀರಡಿಕಿ ಆಗಿತ್ತೇನು?"

ನಾನು ಅಲ್ಲಿಯವರೆಗೆ ಆ ನಾಯಿಗೆ ಹೆದರಿದ್ದೆನೇ ಹೊರತು ಅದಕ್ಕಾಗಿ ಅತ್ತಿರಲಿಲ್ಲ. ಮಾವನವರು ಬುತ್ತಿ ಬಿಚ್ಚುತ್ತಿದ್ದ ಕೈ ನಿಲ್ಲಿಸಿದರು.

"ಹೌದವಾ, ಆಗಿತ್ತು" ಎಂದರು. "ಭಾಳ ಆಗಿತ್ತು."